ಚರ್ಚಿನ ಬಟ್ಟೆಯ ಕೊಂಡಿ

“ಕೈ ಹಚ್ಚಬ್ಯಾಡ್ರಿ, ಭಾಳ ಹಳೇದೈತಿ! ಜರ್ಮನಿಯಿಂದ ಹಡಗಿನ್ಯಾಗ ಬಂದದ್ದು,” ಎಂದ ಚರ್ಚು ನೋಡಿಕೊಳ್ಳುವ ದೀಪಕ.

ಎಂಟನೇ ತರಗತಿಯ ಮಕ್ಕಳೆಲ್ಲ ಗಾಬರಿಯಿಂದ ಹಿಂದೆ ಸರಿದರು. ಅವರ ಜೊತೆ ಬಂದಿದ್ದ ಟೀಚರಿನ ತಾಯಿ ಅಮೀನಬಿ ಮಾತ್ರ ಸರಿಯಲಿಲ್ಲ. ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹಾಸಿದ್ದ ಆ ಪೂಜಾಪೀಠದ ಬಟ್ಟೆಯ ಮೇಲೆಯೇ ಅವಳ ಕಣ್ಣು. ಮೈಯೆಲ್ಲ ಬಿಳಿ ನೂಲು, ತುದಿಗೆ ಕೆಂಪು ರೇಷ್ಮೆ.

ಅವಳು ಬಂದದ್ದೇ ಸಾಲೆಯ ಪ್ರವಾಸದ ಬಸ್ಸಿನಲ್ಲಿ ಒಂದು ಸೀಟು ಉಳಿದಿತ್ತೆಂದು. ಮಗಳು ಮುಬಶೀರಾ ಇಳಕಲ್ಲಿನ ಸಾಲೆಯಲ್ಲಿ ಇತಿಹಾಸ ಕಲಿಸುತ್ತಾಳೆ. ಮಕ್ಕಳಿಗೆ ಸುತ್ತಲಿನ ಹಳೆಯ ಚರ್ಚುಗಳನ್ನು ತೋರಿಸುವ ಹಂಬಲ ಅವಳದು. ಬೆಳಿಗ್ಗೆ ಪ್ರವಾಸಕ್ಕೆ ಹೊರಟವರ ಯಾದಿಯಲ್ಲಿ ತಾಯಿಯ ಉದ್ಯೋಗ ‘ಮನೆಗೆಲಸ’ ಎಂದು ಬರೆದು, ಎಲ್ಲರೆದುರು ಓದಿಯೂ ಬಿಟ್ಟಿದ್ದಳು. ಅಮೀನಬಿ ನಲವತ್ತು ವರ್ಷ ಕೊಂಡಿ ಕಟ್ಟಿದವಳು. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕಣ್ಣು ಸವೆಸಿಕೊಂಡವಳು. ಆ ಕೊಂಡಿಯಿಂದಲೇ ಅಲ್ಲವೇ ಈ ಹುಡುಗಿ ಬಿ.ಎಡ್. ಮುಗಿಸಿದ್ದು! ಬಸ್ಸು ದಾರಿಯ ಕಮತಗಿ ದಾಟಿದರೂ ಆ ‘ಮನೆಗೆಲಸ’ದ ಮಾತು ಅವಳ ಮನಸ್ಸಿನಿಂದ ಹೋಗಿರಲಿಲ್ಲ.

“ಇದು ಜರ್ಮನಿದಲ್ಲೋ ಯಪ್ಪಾ, ನಮ್ಮೂರು ಇಳಕಲ್ಲಿಂದು,” ಎಂದುಬಿಟ್ಟಳು.

“ಅಮ್ಮೀ, ಸುಮ್ಕಿರು,” ಎಂದು ಮುಬಶೀರಾ ಮೆಲ್ಲಗೆ ಗದರಿದಳು.

ದೀಪಕ ನಕ್ಕ. “ನಮ್ಮ ಮುತ್ಯಾನ ಕಾಲದಿಂದ ಹಿಂಗ ಹೇಳ್ಕೋತ ಬಂದೇವ್ರಿ. ಪೆಟ್ಟಿಗಿ ಮ್ಯಾಲ ಚೀಟಿನೂ ಐತಿ ನೋಡ್ರಿ.”

“ಚೀಟಿ ಬರದವರು ಬಟ್ಟಿ ತಿರುವಿ ನೋಡ್ಯಾರೇನು?”

ಮಕ್ಕಳು ಕಿಸಕ್ಕೆಂದರು. ದೀಪಕ ಏನಾದರೂ ಅನ್ನುವ ಮೊದಲೇ ಅಮೀನಬಿ ಹೊರಗೆ ಹೋಗಿ ನಳದಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದಳು. ಬಟ್ಟೆಯ ಅಂಚನ್ನು ಕೂಸಿನ ಕೈ ಹಿಡಿದಂತೆ ಹಿಡಿದು ಮಗುಚಿದಳು. ತನ್ನ ಸೆರಗನ್ನು ಬಿಚ್ಚಿ ಅದರ ಪಕ್ಕಕ್ಕಿಟ್ಟಳು. “ಈಗ ನೋಡು. ಸೂಜಿ ತೂತಿಲ್ಲ, ಹೊಲಿಗಿ ಇಲ್ಲ. ಬಿಳಿ ಎಳಿ ಕುಣಿಕಿಯೊಳಗ ಕೆಂಪು ಎಳಿ ಕುಣಿಕಿ. ಕೊಂಡಿ ಅಂತೇವಿ ಇದಕ್ಕ.”

ದೀಪಕ ಬಗ್ಗಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಬಗ್ಗಿದ. “ಅಯ್ಯ ದೇವ್ರ! ಎರಡೂ ಒಬ್ಬಾಕಿನ ಮಾಡಿದಂಗ ಅದಾವಲ್ಲ! ಯಾರು ಕಟ್ಟ್ಯಾರಬೇ ಇದನ್ನ?”

“ಹೆಸರು ಯಾರಿಗೆ ಗೊತ್ತು? ಕೊಂಡಿ ಕಟ್ಟೋದು ಹೆಣ್ಮಕ್ಕಳ ಕೆಲಸ. ಯಾವಾಕಿನೋ ನಮ್ಮಾಕಿ.” ಹೇಳುವಾಗ ಅಮೀನಬಿಯ ಎದೆ ತುಂಬಿ ಬಂತು. ಇಷ್ಟು ಹೆಮ್ಮೆ ಅವಳಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ.

ದೀಪಕ ಜರ್ಮನಿಯ ಚೀಟಿಯನ್ನು ಕಿತ್ತು ಜೇಬಿಗೆ ತುರುಕಿದ. ಆಮೇಲೆ, ಬಂದವರು ಹೆಸರು ಬರೆಯುವ ದೊಡ್ಡ ಪುಸ್ತಕ ತಂದು ಮುಂದಿಟ್ಟ. ಅಮೀನಬಿಗೆ ಬರೆಯಲು ಬಾರದು. ಮಗಳೇ ಪೆನ್ನು ಹಿಡಿದಳು. ಹೆಸರು, ಊರು ಬರೆದು, ಉದ್ಯೋಗದ ಮನೆಗೆ ಬಂದಾಗ ಅವಳ ಕೈ ನಿಂತಿತು. ತಾಯಿಯ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ. ತಲೆ ತಗ್ಗಿಸಿಯೇ ಬರೆದು, ಎಲ್ಲ ಮಕ್ಕಳಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು: “ಕೊಂಡಿ ಕಟ್ಟುವವರು.”

“ಇನ್ನೊಮ್ಮೆ ಓದು,” ಎಂದಳು ಅಮೀನಬಿ.

ಮುಬಶೀರಾ ಇನ್ನೊಮ್ಮೆ ಓದಿದಳು.

ಬಸ್ಸು ಹೊರಟಾಗ ಅಮೀನಬಿ ಕಿಟಕಿಯ ಪಕ್ಕ ಕೂತು ಸೆರಗನ್ನು ಸರಿಮಾಡಿಕೊಂಡಳು. ಯಾವಾಗಲೂ ಮಡಿಕೆಯೊಳಗೆ ಮುಚ್ಚಿಹೋಗುತ್ತಿದ್ದ ಕೊಂಡಿಯ ಸಾಲು ಇವತ್ತು ಹೆಗಲ ಮೇಲೆ, ಮುಂದಕ್ಕೆ ಬಂದಿತ್ತು.