ಹೆಬ್ಬೆಟ್ಟಿನ ಕೆಲಸ

ಹದಿನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳಿಗೆ ಬಟ್ಟೆ ಒಗೆಯುವ ಕೆಲಸವೂ ಸಿಗುತ್ತಿಲ್ಲವೆಂದರೆ ಯಾರಾದರೂ ನಗುತ್ತಾರೆ. ನಕ್ಕರು ಕೂಡ. ಕಾಲೇಜು ಬಾಗಿಲು ಹಾಕಿದ ಮೇಲೆ ಅವಳು ಹತ್ತದ ಮೆಟ್ಟಿಲಿಲ್ಲ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವನು ಅವಳ ಅರ್ಜಿ ಓದಿ ಕುರ್ಚಿಯಿಂದಲೇ ಎದ್ದು ನಿಂತುಬಿಟ್ಟ. "ನಿಮ್ಮಂಥವರನ್ನ ಇಲ್ಲಿ ಕೂರಿಸಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ ಮೇಡಂ," ಎಂದು ಕೈಮುಗಿದ. ಆಸ್ಪತ್ರೆಯಲ್ಲಿ ಕಸ ಗುಡಿಸುವವರನ್ನು ಒದಗಿಸುವ ಗುತ್ತಿಗೆದಾರ ಅಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. "ನಾಲ್ಕು ದಿನ ಇದ್ದು ಕೈ ಕೊಡೋರು ನೀವು," ಎಂದು ಅರ್ಜಿಯನ್ನು ವಾಪಸು ತಳ್ಳಿದ.

ಬೆನ್ನು ಮುರಿದುಕೊಂಡು ಮಲಗಿದ್ದ ಗಂಡ ಇದನ್ನೆಲ್ಲ ಕೇಳಿ, "ಮುಂದಿನ ಸಲ ಓದೇ ಬರಲ್ಲ ಅಂದ್ಬಿಡು," ಎಂದ. ತಮಾಷೆಗೆ ಹೇಳಿದ್ದು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ ಆಗಿದ್ದರಿಂದ ಅವಳಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಅವಳು ಮುಂದೆ ಹೋದದ್ದು ಹೋಟೆಲುಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಗೆ. ನೆಲಮಾಳಿಗೆ, ಕಿಟಕಿಯಿಲ್ಲ. ಗೋಡೆಯಲ್ಲಿ ಗಾಳಿ ಎಳೆಯುವ ಫ್ಯಾನೊಂದಿತ್ತು, ಅದು ತಿರುಗಿದ್ದನ್ನು ಕಂಡವರಿರಲಿಲ್ಲ. ಸೂಪರ್‌ವೈಸರ್ ಮೆತ್ತಗೆ ಮಾತನಾಡುವ ಮನುಷ್ಯ.

"ಎಷ್ಟು ಓದಿದ್ದೀಯಮ್ಮ?"

"ಓದು ತಲೆಗೆ ಹತ್ತಲಿಲ್ಲ ಸಾರ್."

"ಅಕ್ಷರ ಕೂಡಿಸಿ ಓದೋಕೂ ಬರಲ್ವಾ?"

"ಇಲ್ಲ ಸಾರ್."

ಅವನು ಒಂದು ಕಾಗದ ಚಾಚಿದ. ಅವಳು ಅದನ್ನು ತಿರುಗಿಸಿ ಸರಿಯಾಗಿ ಮೇಜಿನ ಮೇಲಿಟ್ಟುಕೊಂಡು, ಅವನು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಆಮೇಲೆ ನಕ್ಕು, "ನಿನ್ನಂಥವಳನ್ನೇ ಹುಡುಕ್ತಾ ಇದ್ದೆ," ಎಂದ.

ಕೆಲಸ ಕಲಿಸಿದವಳು ದೊಡ್ಡಮ್ಮ. ಅಲ್ಲಿದ್ದ ಆರು ಹೆಂಗಸರಿಗೂ ಅವಳು ದೊಡ್ಡಮ್ಮನೇ. "ನೀಲಿ ಕ್ಯಾನು ಬಿಳುಪಿಗೆ, ಬಿಳಿ ಕ್ಯಾನು ತುಕ್ಕಿನ ಕಲೆಗೆ. ಎರಡನ್ನೂ ಒಂದೇ ತೊಟ್ಟಿಗೆ ಹಾಕಿದ್ಯೋ, ವಿಷದ ಹೊಗೆ ಎದ್ದು ನಮ್ಮ ಕಥೆ ಮುಗೀತು ಅಂತ ತಿಳ್ಕೋ. ಬಣ್ಣ ನೋಡು, ಅಷ್ಟೇ. ಅಕ್ಷರದ ಗೊಡವೆ ನಮಗ್ಯಾಕೆ?" ಎಂದು ನಗಲು ಹೋಗಿ ಕೆಮ್ಮಿದಳು. ನಗು ಒಂದು ಕ್ಷಣದ್ದು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಒಂದೇ ವಾರದಲ್ಲಿ ಅವಳು ತನ್ನ ಬುತ್ತಿಯಲ್ಲಿ ಹೊಸಬಳಿಗೂ ಪಾಲು ತರತೊಡಗಿದಳು.

ಪ್ರತಿ ಶನಿವಾರ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಎಲ್ಲರಿಗೂ ಸೇರಿ ಒಂದು ಹಾಳೆ, ಕೊನೆಯಲ್ಲಿ ಹೊಸಬಳಿಗೆ ಮಾತ್ರ ಬೇರೊಂದು. ಓದು ಬಂದವರ ಕಣ್ಣು ಸುಮ್ಮನಿರುತ್ತದೆಯೇ? ತನ್ನ ಹಾಳೆಯ ಮೊದಲ ಸಾಲು ತಾನಾಗಿ ಕಣ್ಣಿಗೆ ಬಿತ್ತು: ಮುಖಕ್ಕೆ ಮಾಸ್ಕ್ ಕೊಟ್ಟಿದ್ದಾರೆ, ಫ್ಯಾನು ಸರಿಯಾಗಿದೆ. ಹಸಿ ಸುಳ್ಳು. ಸೂಪರ್‌ವೈಸರ್ ಎದುರಿಗೇ ಕೂತಿದ್ದ. ಕಣ್ಣು ಸಾಲಿನ ಮೇಲೆ ಹರಿದರೆ ಸಿಕ್ಕಿಬೀಳುತ್ತೇನೆಂಬ ಭಯಕ್ಕೆ ಅವಳು ಮುಖ ತಿರುಗಿಸಿ ಹೆಬ್ಬೆಟ್ಟು ಒತ್ತಿದಳು. ಹಾಗೇ ಏಳು ಶನಿವಾರ ಕಳೆದವು. ಹೇಳಿಬಿಡಲೇ ಎಂದು ದೊಡ್ಡಮ್ಮ ಕೆಮ್ಮಿದಾಗಲೆಲ್ಲ ಅನ್ನಿಸುತ್ತಿತ್ತು. ಗಂಡನ ಮಾತ್ರೆಯ ಡಬ್ಬಿ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಎಂಟನೆಯ ಸೋಮವಾರ ಹೊಸ ಸರಕು ಬಂತು, ಎಲ್ಲವೂ ನೀಲಿ ಕ್ಯಾನುಗಳು. ತೊಟ್ಟಿಯಲ್ಲಿ ಆಗಲೇ ಅರ್ಧದಷ್ಟು ಬಿಳುಪಿನ ನೀರಿತ್ತು. ದೊಡ್ಡಮ್ಮ ಹೊಸ ಕ್ಯಾನಿನ ಮುಚ್ಚಳ ತಿರುಗಿಸಿ, ತೊಡೆಯ ಮೇಲೆ ಆನಿಸಿ ಬಗ್ಗಿಸತೊಡಗಿದಳು. ಕ್ಯಾನಿನ ಚೀಟಿ ಎದುರಿಗೆ ನಿಂತಿದ್ದ ಹೊಸಬಳ ಕಣ್ಣಿಗೆ ಬಿತ್ತು. ಬಣ್ಣ ನೀಲಿ, ಒಳಗಿದ್ದದ್ದು ತುಕ್ಕಿನ ಕಲೆಗೆ ಹಾಕುವ ಆಸಿಡ್.

"ಬೇಡ ದೊಡ್ಡಮ್ಮ! ಹಾಕ್ಬೇಡಿ! ಅದು ಆಸಿಡ್!"

ಓಡಿಹೋಗಿ ಕ್ಯಾನನ್ನು ಕಿತ್ತುಕೊಂಡಳು. ಎರಡು ಹನಿ ನೆಲಕ್ಕೆ ಬಿದ್ದು ಬುಸ್ಸೆಂದವು.

"ನೀಲಿ ಅಲ್ವೇನೇ? ನಿನಗೆ ಹೇಗೆ ಗೊತ್ತಾಯ್ತು?"

"ಚೀಟೀಲಿ ಬರೆದಿದೆ."

ಆರು ಜನವೂ ಅವಳನ್ನೇ ನೋಡಿದರು. ಬಾಗಿಲಲ್ಲಿದ್ದ ಸೂಪರ್‌ವೈಸರ್ ಬೈಯಲಿಲ್ಲ. "ಆಫೀಸಿಗೆ ಬನ್ನಿ ಮೇಡಂ," ಎಂದ. ಆ ಬಹುವಚನ ಕೇಳಿ ಅವಳು ಕ್ಯಾನನ್ನು ಕೆಳಗಿಟ್ಟಳು. ದೊಡ್ಡಮ್ಮ, "ನನ್ನ ಮಗಳನ್ನ ಒಬ್ಬಳನ್ನೇ ಕಳಿಸಲ್ಲ," ಎಂದು ಅವಳ ಕೈ ಹಿಡಿದುಕೊಂಡೇ ಬಂದಳು.

"ಸುಳ್ಳು ಹೇಳಿದ್ದು ತಪ್ಪು ಸಾರ್. ಕೆಲಸದಿಂದ ತೆಗೀಬೇಡಿ," ಎಂದಳು ಅವಳು.

"ತೆಗೆಯೋದಾ? ಮೊದಲ ದಿನ ಕಾಗದ ಬೇಕಂತಲೇ ತಲೆಕೆಳಗಾಗಿ ಕೊಟ್ಟೆ. ಓದು ಬರದವರು ಹಾಗೇ ಇಟ್ಕೊಂಡು ಒತ್ತುತ್ತಾರೆ. ನೀವು ತಿರುಗಿಸ್ಕೊಂಡ್ರಿ." ಅವನು ಡ್ರಾಯರ್ ಎಳೆದು ಏಳು ಹಾಳೆಗಳನ್ನು ಮೇಜಿನ ಮೇಲೆ ಹರಡಿದ. "ಹೆಬ್ಬೆಟ್ಟಿನವರು ನೂರು ಸಲ ಒತ್ತಿದ್ರೂ, ಪಾಪ, ಅವರಿಗೇನು ಗೊತ್ತು ಅಂತಾರೆ. ನಾಳೆ ಏನಾದ್ರೂ ಆದ್ರೆ ಹೊಣೆ ಹೊರೋಕೆ ಓದಿದವರೊಬ್ಬರು ಬೇಕಲ್ವಾ? ಹೊರಗೆ ಬಾಯಿ ಬಿಟ್ರೆ ಇವೂ ಹೊರಗೆ ಬರ್ತವೆ. ನಾಳೆನೂ ಹೊತ್ತಿಗೆ ಸರಿಯಾಗಿ ಬನ್ನಿ ಮೇಡಂ."

ಏಳರಲ್ಲೂ ಅವಳ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು.

"ಏನೇ ಬರೆದಿದೆ ಅದರಲ್ಲಿ? ಓದು, ಕೇಳೋಣ," ಎಂದಳು ದೊಡ್ಡಮ್ಮ. ದನಿಯಲ್ಲಿ ಹೆಮ್ಮೆಯಿತ್ತು, ಅವರಲ್ಲೊಬ್ಬಳಿಗೆ ಓದು ಬರುತ್ತದಲ್ಲ.

ಅವಳು ಓದಿದಳು. ಮಾಸ್ಕ್ ಕೊಟ್ಟಿದ್ದಾರೆ. ಫ್ಯಾನು ಸರಿಯಾಗಿದೆ. ತೊಂದರೆಯಾದರೆ ಕೆಲಸದವರೇ ಹೊಣೆ. ಇಷ್ಟು ದಿನ ಮುಖ ತಿರುಗಿಸಿ ಬಿಟ್ಟ ಕೊನೆಯ ಸಾಲನ್ನೂ ಓದಿದಳು: "ಮೇಲೆ ಬರೆದದ್ದನ್ನೆಲ್ಲ ನಾನೇ ಉಳಿದವರಿಗೆ ಓದಿ ಹೇಳಿದ್ದೇನೆ."

ದೊಡ್ಡಮ್ಮ ಅವಳ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಯಾವಾಗ ಹೇಳಿದೆ, ಮಗಳೇ?"