ದನದ ಡಾಕ್ಟರರ ಹಸಿರು ಸಹಿ

ಭಾರತದ ಹಾಕಿ ಆಟಕ್ಕೂ ಪಶುವೈದ್ಯ ಇಲಾಖೆಗೂ ಇರುವ ಸಂಬಂಧವನ್ನು ಇದುವರೆಗೆ ಯಾವ ವಿದ್ವಾಂಸರೂ ಅಭ್ಯಾಸ ಮಾಡಿಲ್ಲ. ನಾಡಿನ ಪಾಲಿಗೆ ಇದು ಸಣ್ಣ ಕೊರತೆಯಲ್ಲ. ಅದನ್ನು ತುಂಬುವ ಹೊಣೆ ಕೊನೆಗೆ ನನ್ನ ಮೇಲೆ ಬಿದ್ದಿದೆ. ನಾನು ಒಂದು ಪತ್ರ. ಒಂದು ಹಾಕಿ ಸ್ಟಿಕ್ಕಿನ ಮೇಲಿರುವ ಸಹಿ ಅಸಲಿ ಎಂದು ಹೇಳುವುದಕ್ಕಾಗಿ ಹುಟ್ಟಿದೆ. ಸಹಿ ಅಸಲಿಯೇ. ಸುಳ್ಳು ನಾನು.

ಹುಟ್ಟಿದ್ದು ಗದಗ ಸೀಮೆಯ ಹಿರೇಗುಂಡಿಯ ದನದ ಆಸ್ಪತ್ರೆಯಲ್ಲಿ, ೧೯೮೧ರ ಫೆಬ್ರವರಿ ಹನ್ನೊಂದರಂದು. ಊರಿನಲ್ಲಿ ಹಸಿರು ಶಾಯಿಯ ಪೆನ್ನು ಹಿಡಿಯುವ ಅಧಿಕಾರವಿದ್ದವರು ಡಾಕ್ಟರ್ ಹೊಂಬಳ ಒಬ್ಬರೇ. ಹಾಗಾಗಿ ಆಸ್ಪತ್ರೆಯ ಮುಂದೆ ಎರಡು ಸಾಲು ನಿಲ್ಲುತ್ತಿದ್ದವು. ಒಂದು ದನಗಳದು, ಇನ್ನೊಂದು ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕೆಂದು ಅಂಕಪಟ್ಟಿ ಹಿಡಿದವರದು. ಅಂದು ಎರಡನೆಯ ಸಾಲಿನಲ್ಲಿ ಸೈಕಲ್ ಅಂಗಡಿಯ ಹುಸೇನಸಾಬರು ಹಾಕಿ ಸ್ಟಿಕ್ಕು ಹಿಡಿದು ನಿಂತಿದ್ದರು.

ಆ ಸ್ಟಿಕ್ಕು ದೇಶದ ತಂಡಕ್ಕೆ ಗೋಲು ಕಾಯುತ್ತಿದ್ದ ಎಬೆನೇಜರ್ ಕನಕೇರಿಯವರದು. ಊರಿಗೆ ಅವರು ಎಬ್ಬಣ್ಣ. ಸಂಕ್ರಾಂತಿಯ ಹೊತ್ತಿಗೆ ಊರಿಗೆ ಬಂದವರು ಹಳೆಯ ಗೆಳೆಯನಿಗೆ ಅದನ್ನು ಕೊಟ್ಟು ಹೋಗಿದ್ದರು. ಕಟ್ಟಿಗೆಯ ಮೇಲೆ ಪೆನ್ನು ಓಡಲಿಲ್ಲವೆಂದು, ಹುಸೇನಸಾಬರು ಮಡ್‌ಗಾರ್ಡಿನ ಮೇಲೆ ಹೆಸರು ಬರೆಯುವ ಸಣ್ಣ ಬ್ರಶ್ಶಿನಿಂದ, ಕೆಂಪು ಬಣ್ಣದಲ್ಲಿ, ಎಬ್ಬಣ್ಣ ಸಹಿ ಹಾಕಿದ್ದರು. ತೊಂದರೆ ಶುರುವಾದದ್ದೇ ಅಲ್ಲಿಂದ.

"ಚಾದಂಗಡ್ಯಾಗ ನಗ್ತಾರ್ರೀ ಡಾಕ್ಟರ್ ಸಾಹೇಬ್ರ," ಎಂದರು ಹುಸೇನಸಾಬರು. "ಬ್ರಶ್ ನಿಂದು, ಬಣ್ಣಾ ನಿಂದು, ಸಹಿ ಅಷ್ಟ ಎಬ್ಬಣ್ಣಂದೇನ ಅಂತ ಕೇಳ್ತಾರ. ನೀವೊಂದು ಬರದು ಶಿಕ್ಕಾ ಹೊಡದುಬಿಡ್ರಿ, ಬಾಯಿ ಮುಚ್ಚತಾವ."

ಆಮೇಲೆ ಅವರು ನಡೆದದ್ದನ್ನೆಲ್ಲ ಹೇಳಿದರು. ಸಹಿ ಮಾಡುವಾಗ ಎಬ್ಬಣ್ಣನ ಹೆಬ್ಬೆರಳಿಗೆ ಬಣ್ಣ ಹತ್ತಿತಂತೆ. ಅದೇ ಕೈಯಲ್ಲಿ ಹಿಡಿಕೆ ಹಿಡಿದು, ಅಂಗಡಿಯೊಳಗೇ ಒಮ್ಮೆ ಗೋಲು ತಡೆದು ತೋರಿಸಿದರಂತೆ. ಕಲೆ ಬಿದ್ದ ಹಿಡಿಕೆ ಚೆಂದ ಕಾಣದೆಂದು ಹುಸೇನಸಾಬರು ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿದರಂತೆ. ಡಾಕ್ಟರರು ಎಲ್ಲ ಕೇಳಿಕೊಂಡರು. ನಂತರ ಬರೆದರು: "ಶ್ರೀ ಎಬೆನೇಜರ್ ಕನಕೇರಿ ಇವರು ಸದರಿ ಸ್ಟಿಕ್ಕಿನ ಮೇಲೆ ಇಂದು ನನ್ನ ಸಮಕ್ಷಮ ಸಹಿ ಮಾಡಿರುತ್ತಾರೆಂದು ದೃಢೀಕರಿಸಲಾಗಿದೆ."

"ಬ್ರಶ್ಶಿನ ಸುದ್ದಿ ಬರೀಲಿಲ್ಲಲ್ರೀ?"

"ಅದನ್ನೆಲ್ಲಾ ಬರದ್ರ ಸರಕಾರಿ ಕಾಗದ ಅನಸೂದಿಲ್ಲ. ದೃಢೀಕರಣಕ್ಕ ಒಂದು ನಮೂನಿ ಅಂತ ಇರ್ತದ."

"ಆದ್ರ ನೀವು ಅಲ್ಲಿ ಇದ್ದಿಲ್ಲಲ್ರೀ."

"ನಿಮ್ಮ ಮ್ಯಾಲೆ ನಂಬಿಕಿ ಐತಲ್ಲ. ನಡೀರಿ, ಹಿಂದ ಎಮ್ಮಿ ನಿಂತೈತಿ."

ಮೊಹರು ಬಿತ್ತು. ಅದೇ ಪ್ಯಾಡಿನ ಮುಂದಿನ ಹಾಳೆ ಆ ಎಮ್ಮೆಯ ಆರೋಗ್ಯ ಪ್ರಮಾಣಪತ್ರವಾಯಿತು. ಎಷ್ಟೋ ಸಲ ನಾನು ಆ ತಂಗಿಯನ್ನು ನೆನೆದು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಎಮ್ಮೆಯನ್ನಾದರೂ ಡಾಕ್ಟರರು ಕಣ್ಣಾರೆ ನೋಡಿದ್ದರು.

ಹುಸೇನಸಾಬರು ನನಗೆ ಗಾಜಿನ ಕಟ್ಟು ಹಾಕಿಸಿ ಸ್ಟಿಕ್ಕಿನ ಪಕ್ಕ ತೂಗುಹಾಕಿದರು. ಚಾದಂಗಡಿಯವರು ಬಂದರು, ಓದಿದರು, ಮೊಹರು ನೋಡಿ ಸುಮ್ಮನಾದರು. ಸ್ಟಿಕ್ಕನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ದೇಶ ದೇಶ ತಿರುಗಿ ಚೆಂಡು ತಡೆದ ಮರ ಮೂಲೆಯಲ್ಲಿ ನಿಂತಿತ್ತು. ಊರು ಬಿಟ್ಟು ಕದಲದ ಕಾಗದಕ್ಕೆ ಮರ್ಯಾದೆ. ಮೊದಮೊದಲು ಹಿಗ್ಗಿದೆ. ಆಮೇಲೆ, ಯಾರಾದರೂ "ನನ್ನ ಸಮಕ್ಷಮ" ಎಂಬಲ್ಲಿ ಬೆರಳಿಟ್ಟು ಓದಿದಾಗಲೆಲ್ಲ ಗಾಜಿನ ಹಿಂದೆ ಮುದುಡಿಕೊಳ್ಳುತ್ತಿದ್ದೆ. ಹೀಗೇ ನಲವತ್ತು ವರ್ಷ ಹೋದವು. ಎಬ್ಬಣ್ಣ ರೈಲ್ವೆ ನೌಕರಿಯ ಊರಿನಲ್ಲೇ ತೀರಿಕೊಂಡರು. ಹುಸೇನಸಾಬರೂ ಹೋದರು. ನಾನು, ಸ್ಟಿಕ್ಕು ಇಬ್ಬರೂ ಅವರ ಮಗಳು ಶಮ್ಶಾದ್ ಅವರ ಪಾಲಿಗೆ ಬಂದೆವು.

ಶಮ್ಶಾದ್ ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಹುಡುಗಿಯರ ಹಾಕಿ ತಂಡ ಕಟ್ಟಿದ್ದರು. ಗೋಲು ಕಾಯುವ ಬೋರಮ್ಮ ಕಾಲಿಗೆ ಗೋಣಿತಟ್ಟು ಕಟ್ಟಿಕೊಂಡು ನಿಲ್ಲುತ್ತಿದ್ದಳು. ಹಿಂದಿನ ವರ್ಷ ಚೆಂಡು ಬಡಿದು ಮೊಣಕಾಲು ಕುಂಬಳಕಾಯಿಯಾಗಿತ್ತು. ಈ ಸಲ ಜಿಲ್ಲಾ ಪಂದ್ಯದವರು ಖಂಡಿತವಾಗಿ ಹೇಳಿದ್ದರು: ಹೆಲ್ಮೆಟ್ಟು, ಪ್ಯಾಡು ಇಲ್ಲದ ಗೋಲ್‌ಕೀಪರಿದ್ದರೆ ತಂಡಕ್ಕೆ ಪ್ರವೇಶವಿಲ್ಲ. ಶಮ್ಶಾದ್ ಒಂದು ದಿನವಿಡೀ ಸ್ಟಿಕ್ಕನ್ನು ನೋಡುತ್ತ ಕೂತರು. ಮರುದಿನ ಬೆಂಗಳೂರಿನ ಬಾಳಿಗರಿಗೆ ಫೋನ್ ಮಾಡಿದರು. ಆಟಗಾರರ ಹಳೆಯ ಸಾಮಾನು ಕೊಂಡು ಮಾರುವುದು ಬಾಳಿಗರ ವ್ಯಾಪಾರ.

ಬಾಳಿಗರು ಬಂದವರೇ ಮೊದಲು ಕೈಗೆತ್ತಿಕೊಂಡದ್ದು ನನ್ನನ್ನು.

"ಇದನ್ನ ಬರೆದೋರು ಯಾರು ಮೇಡಂ?"

"ಡಾಕ್ಟರ್ ಹೊಂಬಳ ಅಂತ್ರಿ."

"ಸ್ಪೋರ್ಟ್ಸ್ ಡಾಕ್ಟ್ರಾ?"

"ದನದ ಡಾಕ್ಟರ್ ರೀ."

ಬಾಳಿಗರು ನಗಲಿಲ್ಲ. ದೊಡ್ಡ ಮನುಷ್ಯ. ಎಬ್ಬಣ್ಣನ ಬಗ್ಗೆ ಕೂಡಿಸಿ ತಂದಿದ್ದ ಹಳೆಯ ಪತ್ರಿಕೆಯ ತುಣುಕುಗಳಲ್ಲಿ ಒಂದನ್ನು ಚೀಲದಿಂದ ತೆಗೆದು ನನ್ನ ಪಕ್ಕದಲ್ಲಿಟ್ಟರು. ಅದರ ಪ್ರಕಾರ ೧೯೮೧ರ ಫೆಬ್ರವರಿ ಹನ್ನೊಂದರಂದು ಎಬೆನೇಜರ್ ಕನಕೇರಿ ಸಮುದ್ರದಾಚೆ ಗೋಲು ಕಾಯುತ್ತಿದ್ದರು. ಚಿತ್ರವೂ ಇತ್ತು.

"ಅಲ್ಲಿದ್ದೋರು ಅವತ್ತು ಇಲ್ಲಿ ಹೇಗೆ ಸಹಿ ಮಾಡಿದ್ರು ಮೇಡಂ?"

ಶಮ್ಶಾದ್ ತುಣುಕಿನ ತಾರೀಖನ್ನು ನನ್ನ ತಾರೀಖಿಗೆ ತಾಳೆ ಹಾಕಿ ನೋಡಿದರು.

"ಹಳೇ ಲೆಟರ್ ಇದ್ರೆ ಬೆಲೆ ಏರುತ್ತೆ, ನಿಜ. ಆದ್ರೆ ಅದು ಸುಳ್ಳು ಹೇಳ್ತಿದೆ ಅಂತ ಗೊತ್ತಾದ್ರೆ ಸಹಿನೂ ಅದರ ಜೊತೆಗೇ ಮುಳುಗುತ್ತೆ. ಅದೂ ಬ್ರಶ್ಶಲ್ಲಿ ಮಾಡಿದ ಸಹಿ. ಹೋಲಿಸೋಕೆ ಇನ್ನೊಂದು ಎಲ್ಲಿದೆ?"

"ಈ ಕಾಗದ ಹರದು ಒಗದ್ರ?"

"ನಾನು ಓದಿಬಿಟ್ಟಿದೀನಲ್ಲ ಮೇಡಂ."

ನನ್ನನ್ನು ಹರಿದಿದ್ದರೆ ಸಂತೋಷವೇ ಆಗುತ್ತಿತ್ತು. ಒಬ್ಬ ನಂಬಿಗಸ್ತ ಮನುಷ್ಯ ಹೇಳಿದ ಅಷ್ಟೂ ನಿಜವನ್ನು ಹೊರಗಿಟ್ಟು, ಹೇಳದ ಒಂದು ಸುಳ್ಳನ್ನು ಒಳಗಿಟ್ಟುಕೊಂಡ ಕಾಗದ ನಾನು. ಸತ್ತವನನ್ನು ಅವನ ಮಗಳ ಮುಂದೆಯೇ ಸುಳ್ಳುಗಾರನನ್ನಾಗಿ ಮಾಡಿದ್ದೆ.

ಶಮ್ಶಾದ್ ಬಾಳಿಗರನ್ನೂ ಸ್ಟಿಕ್ಕನ್ನೂ ನನ್ನನ್ನೂ ಡಾಕ್ಟರರ ಮನೆಗೆ ಕರೆದೊಯ್ದರು. ಡಾಕ್ಟರರಿಗೆ ಈಗ ಎಂಬತ್ತರ ಹತ್ತಿರ. ನನ್ನನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ಓದಿದರು.

"ಇಂಥಾವು ಎಷ್ಟು ಬರದೇನೋ ತಂಗಿ," ಎಂದರು. "ಬರೀಲಿಲ್ಲಂದ್ರ ಜನ ತಿರುಗಿ ಹೋಗ್ತಿದ್ದಿಲ್ಲ."

"ಅಪ್ಪ ಸುಳ್ಳು ಹೇಳಿದ್ರೇನ್ರಿ ಕಾಕಾ?"

"ನಿಮ್ಮಪ್ಪ ಅಲ್ಲ ತಂಗಿ. ನಾನು."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಈ ವಯಸ್ಸಿನ್ಯಾಗ ಖೊಟ್ಟಿ ಬರದೇನಿ ಅಂತ ಬರದು ಕೊಟ್ಟು ಪೆನ್ಶನ್ನಿಗೆ ಕುತ್ತು ತರಬ್ಯಾಡ್ರಿ."

"ನಲವತ್ತು ವರ್ಷ ನೀ ಹೇಳಿದ್ದು ಕೇಳೇನಿ. ಇದೊಂದು ಬಿಡು," ಎಂದರು ಡಾಕ್ಟರರು. ಹಸಿರು ಶಾಯಿ ಒಣಗಿ ಹೋಗಿತ್ತು. ಬಾಳಿಗರ ನೀಲಿ ಪೆನ್ನು ಇಸಿದುಕೊಂಡು ಬರೆದರು: ಸಹಿ ಮಾಡಿದಾಗ ನಾನು ಅಲ್ಲಿರಲಿಲ್ಲ, ಹಿಂದಿನ ಪತ್ರ ಸುಳ್ಳು, ತಪ್ಪು ನನ್ನದು, ಹುಸೇನಸಾಬರು ನನಗೆ ಹೇಳಿದ್ದು ಇಷ್ಟು. ಆಮೇಲೆ ಸಂಕ್ರಾಂತಿ, ಬ್ರಶ್ಶು, ಹೆಬ್ಬೆರಳು, ಹಿಡಿಕೆಯ ಮೇಲಿನ ಕಲೆ, ಟ್ಯೂಬು ಎಲ್ಲವನ್ನೂ ಬರೆದರು. ಮೊಹರಿರಲಿಲ್ಲ. ನಮೂನೆಯೂ ಇರಲಿಲ್ಲ.

ಬಾಳಿಗರು ಎರಡು ಸಲ ಓದಿದರು. ನಂತರ ಬ್ಲೇಡು ಕೇಳಿ ಪಡೆದು, ಹಿಡಿಕೆಯ ಟ್ಯೂಬನ್ನು ಸುತ್ತು ಸುತ್ತಾಗಿ ಬಿಡಿಸಿದರು. ರಬ್ಬರು ಮರಕ್ಕೆ ಅಂಟಿಕೊಂಡಿತ್ತು. ಕೊನೆಯ ಸುತ್ತಿನ ಕೆಳಗೆ ಕೆಂಪು ಬಣ್ಣದ ಹೆಬ್ಬೆರಳೊಂದು ಮಲಗಿತ್ತು.

ಶಮ್ಶಾದ್ ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟು ನೋಡಿದರು. ಎಬ್ಬಣ್ಣನದು ದೊಡ್ಡದು.

"ತಗೋತೀನಿ ಮೇಡಂ," ಎಂದರು ಬಾಳಿಗರು. "ಆದ್ರೆ ಒಂದ್ಸಲ ಸುಳ್ಳು ಲೆಟರ್ ಇತ್ತು ಅನ್ನೋದನ್ನ ಕೊಳ್ಳೋರಿಗೆ ನಾನು ಹೇಳ್ಲೇಬೇಕು. ಫೋನಲ್ಲಿ ಹೇಳಿದ್ದ ಬೆಲೇಲಿ ಅರ್ಧ ಕೊಡ್ತೀನಿ."

ಆ ಉಳಿದರ್ಧ ನನ್ನ ಬೆಲೆ. ಕಾಗದದ ತುಂಡಿಗೆ ಅಷ್ಟು ಬೆಲೆ ಯಾರೂ ತೆತ್ತಿರಲಿಕ್ಕಿಲ್ಲ.

ಹೊಸ ಪತ್ರ ಸ್ಟಿಕ್ಕಿನ ಜೊತೆ ಹೋಯಿತು. ನನ್ನನ್ನು ಡಾಕ್ಟರರು ಇಟ್ಟುಕೊಂಡರು. ಈಗ ಅವರ ಮೇಜಿನ ಖಾನೆಯಲ್ಲಿದ್ದೇನೆ. ಪಕ್ಕದಲ್ಲಿ ಆ ಹಳೆಯ ಮೊಹರು, ರಬ್ಬರು ಬಿರಿದು ಬಿದ್ದಿದೆ. ನಾವಿಬ್ಬರೂ ಮಾತಾಡುವುದಿಲ್ಲ. ನಂಬಿಕೆ ಇತ್ತೆಂದು ಬರೆದಿದ್ದರೆ ಸಾಕಿತ್ತು, ನೋಡಿದೆನೆಂದು ಬರೆಯುವ ಅಗತ್ಯವಿರಲಿಲ್ಲ. ಇಷ್ಟು ಹೊಳೆಯಲು ನನಗೆ ನಲವತ್ತು ವರ್ಷ ಬೇಕಾದವು.

ಬೋರಮ್ಮನಿಗೆ ಪ್ಯಾಡು ಬಂದವು, ಹೆಲ್ಮೆಟ್ಟೂ ಬಂತು. ತಂಡ ಜಿಲ್ಲಾ ಪಂದ್ಯಕ್ಕೆ ಹೋಯಿತು. ಮೊದಲ ಆಟದಲ್ಲೇ ಎರಡು ಗೋಲಿನಿಂದ ಸೋತಿತು.