ಶಾಂತಪ್ಪನವರ ಲುಕ್ಸಾನು

ಯಾದಗಿರಿಯ ಗಂಜ್ ಪೇಟೆಯಲ್ಲಿ ರೈತರ ಹತ್ತಿ ಮಾರಿಸಿಕೊಡುವ ಅಡತಿ ವ್ಯಾಪಾರಿ ಶಾಂತಪ್ಪನವರ ಗೋದಾಮಿಗೆ ಶುಕ್ರವಾರ ಮಧ್ಯಾಹ್ನ ಯಾರದೋ ಬೀಡಿಯ ಕಿಡಿ ತಗುಲಿತು. ಸೋಮವಾರದ ಹೊತ್ತಿಗೆ ಅಲ್ಲಿ ಬೆಂಕಿ ಬಿದ್ದಿತ್ತೆಂದರೆ ಯಾರೂ ನಂಬುವಂತಿರಲಿಲ್ಲ. ಬೂದಿಯನ್ನು ಬಂಡಿಗಳಲ್ಲಿ ತುಂಬಿಸಿ ಊರಾಚೆ ಸಾಗಿಸಿದ್ದರು. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ. ಶಾಂತಪ್ಪನವರು ಢಾಳಾಗಿ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತು, ಕೇಳಿದವರಿಗೆಲ್ಲ ನಗುನಗುತ್ತಾ ಒಂದೇ ಮಾತು ಹೇಳುತ್ತಿದ್ದರು: "ನಾಕು ಅಂಡಿಗಿ ಕರಕಾಗ್ಯಾವ, ಅಷ್ಟ. ಉಳಿದದ್ದೆಲ್ಲ ಇನ್ನೊಂದು ಗೋದಾಮಿನ್ಯಾಗ ಅದ."

ಆ ಗೋದಾಮು ಯಾವುದೆಂದು ಹೆಂಡತಿ ಪಾರ್ವತಿಬಾಯಿಗೂ ಗೊತ್ತಿರಲಿಲ್ಲ. ಇದ್ದರೆ ತಾನೇ ಗೊತ್ತಾಗುವುದು! ಬೆಲೆ ಏರಲಿ ಎಂದು ರೈತರು ನಂಬಿ ಇಟ್ಟುಹೋದ ಅರವತ್ತು ಅಂಡಿಗೆ ಹತ್ತಿ, ಅಂದರೆ ಅರವತ್ತು ದೊಡ್ಡ ಗೋಣಿಚೀಲ, ಪೂರಾ ಸುಟ್ಟು ಹೋಗಿತ್ತು. ಆದರೆ ಗಂಜಿನಲ್ಲಿ ಲುಕ್ಸಾನು ಎಂಬ ಮಾತನ್ನು ಯಾವ ವ್ಯಾಪಾರಿಯೂ ಬಾಯಿಗೆ ತರುವುದಿಲ್ಲ. ತಂದವನ ಅಂಗಡಿಗೆ ಮರುದಿನ ಒಂದು ಬಂಡಿಯೂ ತಿರುಗುವುದಿಲ್ಲವೆಂದು ಶಾಂತಪ್ಪನವರ ಅಪ್ಪ ಹೇಳಿದ್ದರು, ಅಜ್ಜನೂ ಹೇಳಿದ್ದರು. ಸಗರದಲ್ಲಿದ್ದ ತಮ್ಮ ಹೊಲ ಮಾರಿ, ಹೆಂಡತಿಯ ಬಂಗಾರ ಮಾರಿ ಸದ್ದಿಲ್ಲದೆ ರೈತರ ಬಾಕಿ ತೀರಿಸುವುದೆಂದು ಅವರು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಲೆಕ್ಕ. ಎರಡನ್ನೂ ಮಾರಿದರೂ ಅರ್ಧವೂ ತೀರುತ್ತಿರಲಿಲ್ಲ, ಆ ಮಾತು ಬೇರೆ.

ನಿಜಾಮರ ಆಳಿಕೆ ಹೋಗಿ ಆಗ ಎರಡು ವರ್ಷ. ಹೊಸ ಸರ್ಕಾರದ ಬೆನ್ನಿಗೆ ಊರಿಗೆ ಬಂದ ಹೊಸಬರಲ್ಲಿ ಒಬ್ಬ ವಿಮೆ ಏಜೆಂಟನೂ ಇದ್ದ. ಅವನ ಕಾಟ ತಾಳಲಾರದೆ ಶಾಂತಪ್ಪನವರು ಗೋದಾಮಿನ ಮಾಲಿಗೆ ವಿಮೆ ಇಳಿಸಿ, ಕಾಗದವನ್ನು ದೇವರ ಜಗುಲಿಯಲ್ಲಿಟ್ಟು ಮರೆತೇಬಿಟ್ಟಿದ್ದರು. ಮರೆಯದವರು ಪಾರ್ವತಿಬಾಯಿ. ಬೆಂಕಿ ಪೂರ್ತಿ ಆರುವ ಮೊದಲೇ ಕಂಪನಿಗೆ ತಂತಿ ಹೊಡೆಸಿದ್ದರು.

ಎಷ್ಟು ಸುಟ್ಟಿದೆಯೆಂದು ನೋಡಲು ಗುರುವಾರ ಹೈದರಾಬಾದಿನಿಂದ ಕಂಪನಿಯ ನಸೀರುದ್ದೀನ ಸಾಹೇಬರು ರೈಲಿಳಿದು ಬಂದರು. ಸುರಪುರದಲ್ಲಿ ಹುಟ್ಟಿ ಬೆಳೆದವರು, ಮಾತಿನಲ್ಲಿ ಖಡಕ್ಕು.

"ಸಾವ್ಕಾರ್ರ, ಸುಟ್ಟ ಗೋದಾಮು ಯಾವ್ದು?"

"ಇದೇರಿ."

ಸಾಹೇಬರು ತೋರಣ ನೋಡಿದರು, ಸುಣ್ಣ ನೋಡಿದರು. "ಇದು ಮದುವಿ ಮನಿ ಇದ್ದಂಗದ. ಬೂದಿ ಇದ್ದಲ್ಲೇ ಬಿಡಬೇಕಿತ್ತರಿ. ಇರ್ಲಿ. ಯಾರ ಮಾಲು, ಎಷ್ಟು ಸುಟ್ಟದ, ಬಾಯಿಬಿಟ್ಟು ಹೇಳ್ರಿ, ಸಾಕ್ಷಿ ತೋರಸ್ರಿ. ಲುಕ್ಸಾನೇ ಆಗಿಲ್ಲಂದ್ರ ಕಂಪನಿ ಏನು ತುಂಬಿಕೊಡ್ತದ?"

ಶಾಂತಪ್ಪನವರು ಬಾಗಿಲಾಚೆ ನೋಡಿದರು. ಅಂಗಡಿಯ ಮುಂದೆ ಅರ್ಧ ಗಂಜೇ ನೆರೆದಿತ್ತು. ಎಲ್ಲರಿಗಿಂತ ಮುಂದೆ, ಕಂಕುಳಲ್ಲಿ ಕಂಬಳಿಯ ಗಂಟು ಇರುಕಿಕೊಂಡು ಮುದನಾಳದ ಮಲ್ಕಪ್ಪ ನಿಂತಿದ್ದ. ಕುರಿ ಕಾಯುತ್ತಾ ನಾಲ್ಕು ಎಕರೆ ಹತ್ತಿ ಬೆಳೆದವನು. ಅವನವೇ ಹನ್ನೆರಡು ಅಂಡಿಗೆ. ಎಲ್ಲಾ ಭದ್ರ ಅದಾವ ಎಂದು ಅವನಿಗೆ ಮೊನ್ನೆಯಷ್ಟೇ ಹೇಳಿ ಕಳಿಸಿದ್ದರು.

"ಹತ್ತಿಪ್ಪತ್ತು ಅಂಡಿಗಿ ಅಂತ ಬರಕೋರಿ," ಎಂದರು ಶಾಂತಪ್ಪನವರು ಮೆಲ್ಲಗೆ.

ಬಾಗಿಲ ಮರೆಯಿಂದ ಪಾರ್ವತಿಬಾಯಿಯ ದನಿ ಬಂತು. "ಇಪ್ಪತ್ತರ ರೊಕ್ಕ ಬಂದ್ರ, ಉಳಿದ ನಲವತ್ತರ ಮಂದಿಗೆ ಏನು ಕೊಡ್ತೀರಿ? ನಿಮ್ಮ ನಗಿ ಕೊಡ್ತೀರೇನು?"

ಶಾಂತಪ್ಪನವರಿಗೆ ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತು. ಆದರೂ ಗಾದಿ ಇಳಿದು, ಮಲ್ಕಪ್ಪನ ಮುಂದೆ ಬಂದು ನಿಂತರು.

"ಅರವತ್ತೂ ಸುಟ್ಟಾವ. ನಿನ್ನ ಹನ್ನೆರಡೂ ಅದ್ರಾಗೇ ಹೋಗ್ಯಾವ ಮಲ್ಕಪ್ಪ. ನಾ ನಿನಗ ಸುಳ್ಳು ಹೇಳೀನಿ. ಭಾಳ ಲುಕ್ಸಾನು ಆಗ್ಯಾದ."

"ಗೊತ್ತದರಿ," ಅಂದ ಮಲ್ಕಪ್ಪ.

ಅವನು ಕಂಬಳಿ ಬಿಚ್ಚಿ ಹಾಸಿದ. ಒಳಗೆ ಅರೆಸುಟ್ಟ ಗೋಣಿತಟ್ಟಿನ ಚೂರುಗಳ ರಾಶಿ. ಯಾರ ಹತ್ತಿ ಯಾವುದೆಂದು ತಿಳಿಯಲು ರೈತರು ಕೆಮ್ಮಣ್ಣಿನಲ್ಲಿ ಬರೆದ ಗುರುತುಗಳು ಅವುಗಳ ಮೇಲಿದ್ದವು. ಒಂದರ ಮೇಲೆ ತ್ರಿಶೂಲ, ಒಂದರ ಮೇಲೆ ಬಾಚಣಿಗೆ, ಮಲ್ಕಪ್ಪನದು ಟಗರಿನ ಕೊಂಬು.

"ನಿಮ್ಮ ಬಂಡಿಯವ್ರು ಬೂದಿ ತಂದು ನನ್ನ ಹೊಲದ ಬದುವಿಗೇ ಚೆಲ್ಲಿ ಹೋಗ್ಯಾರ. ಹಾದಿ ಹೋಗೋ ಮಂದಿ ನೋಡಿ ನಿಮ್ಮ ಹೆಸರು ಆಡ್ಕೋಬಾರ್ದಂತ ಆರಿಸಿ ಇಟ್ಟಿದ್ದೆ. ನಿಮ್ಮ ಕೈಗೇ ಕೊಡಬೇಕಂತ ತಂದೀನಿ."

ಸಾಹೇಬರು ಟೋಪಿ ತೆಗೆದಿಟ್ಟು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೂರು ಎಣಿಸಿದರು. ಅಂಡಿಗೆಗೊಂದೇ ಗುರುತು; ಐವತ್ತೆರಡು ಸಿಕ್ಕವು.

"ಉಳಿದ ಎಂಟಕ್ಕ ರೈತರ ಹತ್ರ ತೂಕದ ಚೀಟಿ ಇರ್ತಾವಲ್ಲ, ತರಸ್ರಿ, ಸಾಕು. ಬೂದಿ ನಾನೇ ಹೋಗಿ ನೋಡ್ತೀನಿ. ಎರಡು ತಿಂಗಳದಾಗ ಪೂರಾ ರೊಕ್ಕ ಬರ್ತದ. ನಾ ಬರೀತೀನಿ."

ನೆರೆದವರಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಶಾಂತಪ್ಪನವರಿಗೆ ಮಾತ್ರ ಅಳು ಬಂತು. ರೊಕ್ಕ ಬಂದೀತು, ಇನ್ನು ತನ್ನ ಅಂಗಡಿಗೆ ಹತ್ತಿ ಬಂದೀತೇ? ಊರ ಮುಂದೆ ಆಡಿದ ಆ ಒಂದು ಮಾತು ಇನ್ನೂ ಕಿವಿಯಲ್ಲಿತ್ತು.

ಮಲ್ಕಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಸಾವ್ಕಾರ್ರ, ಎರಡನೇ ಸಲ ಬಿಡಿಸಿದ ಹತ್ತಿ ಬಂಡ್ಯಾಗ ಅದ. ಎತ್ತು ಬಿಸಲಾಗ ನಿಂತಾವ. ಎಲ್ಲಿ ಇಳಿಸ್ಲಿ?"